ರಾಗಿ ಮಿಲ್ಲಿನ ಹೊನ್ನಪ್ಪನ ನಂಬರು

ನಮ್ಮ ಅಕ್ಕಿಹೆಬ್ಬಾಳಿನ ಕೆಳಬೀದಿಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಯಾರ ಬ್ಯಾಂಕ್ ಖಾತೆಗೆ ಏನು ಬಂದರೂ ಹೊನ್ನಪ್ಪ ತನ್ನ ರಾಗಿ ಮಿಲ್ಲಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ: “ತಾಯಕ್ಕಾ, ಡೈರಿ ದುಡ್ ಬಂತು ಕಣಕ್ಕಾ!” ಹಿಂದೆ ಬ್ಯಾಂಕಿನವರು ಊರಿಗೇ ಬಂದು ಖಾತೆ ತೆರೆದಾಗ ಬೀದಿಯಲ್ಲಿ ಫೋನ್ ಇದ್ದದ್ದು ಅವನೊಬ್ಬನ ಹತ್ತಿರ. ಹೆಂಗಸರೆಲ್ಲ ಅವನ ನಂಬರನ್ನೇ ಬರೆಸಿದರು. ಆಮೇಲೆ ಮನೆಮನೆಗೆ ಫೋನ್ ಬಂದರೂ ಯಾರೂ ಬದಲಾಯಿಸಲಿಲ್ಲ. ಹೊನ್ನಪ್ಪ ಕೂಗುತ್ತಾನಲ್ಲ, ಇನ್ನೇನು ಬೇಕು?

ಹೋದ ವರ್ಷ ಮಿಲ್ಲಿನ ಮೋಟಾರು ಸುಟ್ಟುಹೋಯಿತು. ರಿಪೇರಿಗೆಂದು ಕೆ.ಆರ್.ಪೇಟೆಗೆ ಅಲೆಯುವ ಗಡಿಬಿಡಿಯಲ್ಲಿ ಅವನು ಮೆಸೇಜು ನೋಡಲಿಲ್ಲ. ನೋಡುವ ಹೊತ್ತಿಗೆ ವಾರದ ಮೇಲಾಗಿತ್ತು. ನನ್ನ ಪಕ್ಕದ ಮನೆಯ ದೊಡ್ಡತಾಯಕ್ಕ ಹಸು ಮಾರಿ ಇಟ್ಟಿದ್ದ ಹಣವನ್ನು ಯಾರೋ ಕಳ್ಳರು ಖಾತೆಯಿಂದ ಎಳೆದುಕೊಂಡಿದ್ದರು. ಹೊನ್ನಪ್ಪನೇ ಏದುಸಿರು ಬಿಡುತ್ತಾ ಓಡಿಬಂದು ಹೇಳಿದ. ನಾನು ಅಕ್ಕನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. “ಮೆಸೇಜು ತಲುಪಿದೆ, ದೂರು ಕೊಡುವ ಗಡುವು ಮುಗಿದಿದೆ, ಇನ್ನು ಹಣ ಕೊಡಲಾಗದು” ಎಂದರು ಮ್ಯಾನೇಜರ್. ನನಗೋ ಮೂಗಿನ ತುದಿಯಲ್ಲೇ ಕೋಪ. “ಯಾರಿಗ್ರೀ ತಲ್ಪಿರೋದು?” ಎಂದು ಎಗರಿದೆ. ಗೋಡೆಗೆ ಹೇಳಿದ ಹಾಗಾಯಿತು.

ಹಣ ಹೋದದ್ದು ಒಂದು ಕಡೆ. ಬೀದಿಯ ಬಾಯಿ ಸುಮ್ಮನಿರಬೇಕಲ್ಲ! “ಫೋನು ಅವ್ನತ್ರ, ದುಡ್ಡೆಲ್ಗೋಯ್ತು?” ಎಂದು ಶುರುವಾಯಿತು. ಮೋಟಾರು ರಿಪೇರಿಯಾಗಿ ಬಂದರೂ ಜನ ಪಕ್ಕದೂರಿನ ಮಿಲ್ಲಿಗೆ ರಾಗಿ ಹೊತ್ತರು. ಹೊನ್ನಪ್ಪ ಕೂಗುವುದನ್ನು ನಿಲ್ಲಿಸಿ, ಫೋನನ್ನು ಆಫ್ ಮಾಡಿ ಗೂಟಕ್ಕೆ ನೇತುಹಾಕಿದ. “ಮಿಲ್ ಮಾರ್ಬುಟ್ಟು ಎಲ್ಲಾದ್ರೂ ಹೋಗ್ತೀನಿ” ಎಂದ. ದೊಡ್ಡತಾಯಕ್ಕ ಮಾತ್ರ ರಾಗಿ ಪುಟ್ಟಿ ತಲೆ ಮೇಲಿಟ್ಟುಕೊಂಡು ನಡುಬೀದಿಯಲ್ಲೇ ಅವನ ಮಿಲ್ಲಿಗೆ ಹೋಗುತ್ತಿದ್ದಳು. “ಕಳ್ಳ ಅನ್ನೋರು ನನ್ ಮುಂದೆ ಅನ್ಲಿ, ನೋಡ್ಕತೀನಿ!”

ಅಷ್ಟರಲ್ಲಿ ಸಂಸದರ ಸಮಿತಿಯೊಂದು ಕೆ.ಆರ್.ಪೇಟೆಗೆ ಬರುತ್ತದೆಂದು ಗೊತ್ತಾಯಿತು. ಬ್ಯಾಂಕ್ ಗ್ರಾಹಕರನ್ನು ಕಾಯಲು ಮಾಡಿದ ನಿಯಮಗಳು ಹಳ್ಳಿಯವರನ್ನು ನಿಜಕ್ಕೂ ಕಾಯುತ್ತಿವೆಯೇ ಎಂದು ಜನರನ್ನೇ ಕೇಳುತ್ತಾರಂತೆ. ಅಕ್ಕನೂ ನಾನೂ ಬಸ್ಸು ಹತ್ತಿದೆವು. ಹಣ ಕೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದೆ. ಮೈಕು ಕೈಗೆ ಬಂದ ಕೂಡಲೇ ಅಕ್ಕ ಅದನ್ನೆಲ್ಲ ಮರೆತಳು.

“ತಾಯೀ, ನಮ್ ಹೊನ್ನ ಕಳ್ಳ ಅಲ್ಲ. ಮೊದ್ಲು ಅದ್ನ ಬರ್ಕಳಿ. ದುಡ್ಡಿನ್ ಮಾತು ಆಮೇಕೆ.”

ಸಮಿತಿಯ ಅಧ್ಯಕ್ಷೆ ಅವಳ ಕಥೆಯನ್ನು ಪೂರ್ತಿ ಕೇಳಿದರು. ಆಮೇಲೆ ಬ್ಯಾಂಕಿನವರ ಕಡೆ ತಿರುಗಿದರು. “ಒಂದು ಬೀದಿಯ ಅಷ್ಟೂ ಖಾತೆಗೆ ಒಂದೇ ನಂಬರು. ಇಷ್ಟು ವರ್ಷ ನೀವು ಯಾಕೆ ಅಂತ ಕೇಳಲಿಲ್ಲ. ಬೇರೆಯವರ ಫೋನಿಗೆ ಮೆಸೇಜು ಹೋದರೆ ಈಯಮ್ಮನಿಗೆ ಹೇಳಿದ ಹಾಗಾಯಿತೇ?” ಮ್ಯಾನೇಜರ್ ಗಟಗಟ ನೀರು ಕುಡಿದರು. ಅಬ್ಬಾ, ನನ್ನ ಜೀವ ತಣ್ಣಗಾಯಿತು!

ಸಮಿತಿಯ ವರದಿ ದೆಹಲಿಗೆ ಹೋಗಿದೆ, ನಿಯಮ ಎಷ್ಟು ಬದಲಾಗುತ್ತದೋ ಕಾದು ನೋಡಬೇಕು. ಅಕ್ಕನ ಹಣವಂತೂ ವಾಪಸು ಬಂತು. ಬ್ಯಾಂಕಿನವರು ಕೆಳಬೀದಿಗೇ ಬಂದು ಮಿಲ್ಲಿನ ಜಗಲಿಯ ಮೇಲೆ ಕೂತರು. ಹಣ ಹೋದದ್ದು ಎಲ್ಲೋ ದೂರದ ರಾಜ್ಯಕ್ಕೆ, ಹೊನ್ನಪ್ಪನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮ್ಯಾನೇಜರೇ ಎಲ್ಲರೆದುರು ಹೇಳಿದರು. ಹೊನ್ನಪ್ಪ ಒಳಗೆ ಮಿಲ್ಲಿನ ಬೆಲ್ಟು ಒರೆಸುತ್ತಿದ್ದ.

ದೊಡ್ಡತಾಯಕ್ಕ ತನ್ನದೇ ಫೋನಿನ ನಂಬರು ಬರೆಸಿದಳು. “ನೀವು ಸಿಗದಿದ್ದರೆ ಯಾರಿಗೆ ಫೋನ್ ಮಾಡಲಿ?” ಎಂದು ಬ್ಯಾಂಕಿನ ಹುಡುಗಿ ಕೇಳಿದಳು.

“ಹೊನ್ನಂಗೆ.”

“ಅಯ್ಯೋ ಅಜ್ಜಿ, ಮತ್ತೆ ಅದೇ ನಂಬರಾ?”

“ಊಂ ಕಣವ್ವ, ಅದೇಯ. ಬರ್ಕೊ.”

ಒಳಗೆ ಬೆಲ್ಟು ಒರೆಸುವ ಕೈ ನಿಂತಿತು. ಹೊನ್ನಪ್ಪ ಗೂಟದಿಂದ ಫೋನು ತೆಗೆದು ಆನ್ ಮಾಡಿದ. ಟಣ್ ಎಂದು ಬ್ಯಾಂಕಿನ ಮೆಸೇಜು ಬಂತು. ಅದನ್ನು ಓದಿ, ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದ. ಅಕ್ಕ ಎದುರಿಗೇ ಕೂತಿದ್ದರೂ ಬೀದಿಯ ಕೊನೆಗೆ ಕೇಳುವ ಹಾಗೆ ಕೂಗಿದ:

“ತಾಯಕ್ಕಾ, ನಿನ್ ನಂಬರು ಬದ್ಲಾಯ್ತಂತೆ ಕಣಕ್ಕಾ!”