ನನ್ನ ಹಂಚು ಇದ್ದ ಜಾಗ

ಪಾಸಾದಳು! ನನ್ನ ಮೊಮ್ಮಗಳು ಪಾಸಾದಳು. ಹೋದ ಸಲ ಕೈಕೊಟ್ಟಿದ್ದ ಆ ಒಂದೇ ಒಂದು ಕಂಪ್ಯೂಟರ್ ವಿಷಯದಲ್ಲಿ ಈ ಸಲ ಛಲೋ ಮಾರ್ಕ್ಸು ತೆಗೆದಿದ್ದಾಳೆ. ಇವತ್ತು ಮಧ್ಯಾಹ್ನ ಫೋನಿನಲ್ಲಿ ರಿಸಲ್ಟು ನೋಡಿ ಅವಳು ಚೀರಿದ ಚೀರಿಗೆ ನನ್ನ ಮಡಿಲಲ್ಲಿದ್ದ ಮೆಂತೆಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು. ಆರಿಸಿ ತುಂಬಲಿಕ್ಕೂ ನಿಲ್ಲಲಿಲ್ಲ ನಾನು. ಓಣಿಗೆ ಇಳಿದು ಹಾಲಿನವನಿಗೆ ಹೇಳಿದೆ, ಟೇಲರನಿಗೆ ಹೇಳಿದೆ, ಮಾತು ಬಿಟ್ಟಿದ್ದ ಮೂಲೆಮನೆಯವಳಿಗೂ ಹೇಳಿದೆ. ಕಮರಿಪೇಟೆಯ ನಮ್ಮ ಓಣಿಯಲ್ಲಿ ಈ ಸುದ್ದಿ ಗೊತ್ತಿಲ್ಲದವರು ಇದ್ದರೆ ಅವರು ಇವತ್ತು ಊರಲ್ಲಿಲ್ಲ ಎಂದೇ ಲೆಕ್ಕ.

ಖುಷಿ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಆದರೂ ಅದರ ಅಡಿಗೆ ಒಂದು ಮುಳ್ಳು ಕೂತಿದೆ. ಅದನ್ನು ಬಿಟ್ಟು ಬರೆದರೆ ಬರೆದದ್ದೆಲ್ಲ ಸುಳ್ಳಾದೀತು.

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಕಲಿತದ್ದು ರೊಟ್ಟಿ ಬಡಿಯುವುದು. ನಮ್ಮ ಮನೆಯ ಹಿಂದಿನ ಪಡಸಾಲೆಯ ಮೂಲೆಯಲ್ಲಿ ಒಂದು ಮಣ್ಣಿನ ಒಲೆ, ಅದರ ಮೇಲೆ ದಪ್ಪನೆಯ ಕಬ್ಬಿಣದ ಹಂಚು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಅಲ್ಲಿ ಕೂರಿಸಿದರು. ಆಮೇಲೆ ಆ ಜಾಗ ನನ್ನದೇ ಆಯಿತು. ಓಣಿಯ ಮನೆಗಳಿಗೆ, ಆಚೆ ರಸ್ತೆಯ ಖಾನಾವಳಿಗೆ ಬಿಸಿರೊಟ್ಟಿ ಹೋಗುತ್ತಿದ್ದದ್ದು ಅಲ್ಲಿಂದಲೇ.

ಮೊಮ್ಮಗಳು ನಪಾಸಾದ ಮೇಲೆ ಪುಸ್ತಕ ಹಿಡಿದು ಆ ಒಲೆಯ ಎದುರಿನ ಹೊಸ್ತಿಲ ಮೇಲೆ ಬಂದು ಕೂರತೊಡಗಿದಳು.

"ಆಯಿ, ಓದಿದ್ದು ತಲ್ಯಾಗ ನಿಲ್ಲವಲ್ದು. ನಿನಗ ತಿಳಿಸಿ ಹೇಳಿದ್ರ ನನಗೂ ತಿಳೀತೈತಿ."

"ನಾ ದಡ್ಡಿ ಅಂತ ನನಗ ಹೇಳಾಕ ಬಂದೀಯೇನು?"

"ಹೂಂ. ನಿನ್ನ ತಲ್ಯಾಗ ಇಳೀತಂದ್ರ ಯಾರ ತಲ್ಯಾಗಾದ್ರೂ ಇಳೀತೈತಿ."

ಹಿಟ್ಟಿನ ಕೈಯಲ್ಲೇ ಒಂದು ಕೊಟ್ಟೆ. ಹಾಗೆ ನಮ್ಮ ಸಾಲೆ ಶುರುವಾಯಿತು.

ಕಂಪ್ಯೂಟರಿನೊಳಗೆ ಒಂದು ದೊಡ್ಡ ಬಯಲು ಇರುತ್ತದಂತೆ. ಪ್ರೋಗ್ರಾಮಿಗೆ ಹೊಸದೊಂದು ವಸ್ತು ಬೇಕಾಯಿತು ಅನ್ನಿ. ಒಬ್ಬ ಹುಡುಗಿಯ ಹೆಸರು, ಕ್ಲಾಸು, ಮಾರ್ಕ್ಸು ಎಲ್ಲ ಕೂಡಿಸಿ ಕಟ್ಟಿದ ಒಂದು ಗಂಟು. ಆಗ ಕಂಪ್ಯೂಟರು ಆ ಗಂಟು ಹಿಡಿಸುವಷ್ಟು ಖಾಲಿ ಜಾಗ ಎಲ್ಲಿದೆ ಎಂದು ಬಯಲಲ್ಲಿ ಹುಡುಕಿ, ಅಷ್ಟನ್ನು ಕಾಯ್ದಿಡುತ್ತದೆ.

"ಆಮ್ಯಾಲೆ ಗಂಟು ತಂದು ಕೈಯಾಗ ಕೊಡ್ತೈತಿ?"

"ಇಲ್ಲಾ ಆಯಿ. ಗಂಟು ಅಲ್ಲೇ ಇರ್ತೈತಿ. ಅದು ಎಲ್ಲೈತಿ ಅಂತ ವಿಳಾಸ ಬರದ ಚೀಟಿ ಅಷ್ಟ ಕೊಡ್ತೈತಿ. ಆ ಚೀಟಿ ನೀ ಇನ್ನೊಬ್ಬರಿಗೂ ಬರಕೊಟ್ಟಿ ಅಂದ್ರ ಚೀಟಿ ಎರಡಾದ್ವು, ಗಂಟು ಮಾತ್ರ ಒಂದ."

"ಹಂಗಾರ ಒಂದ ಬುಟ್ಟಿ ರೊಟ್ಟಿ ಇಬ್ಬರಿಗೆ ತೋರಿಸಿದಂಗ. ಒಬ್ಬಾಂವ ತಿಂದು ಹೋದ್ರ ಇನ್ನೊಬ್ಬಾಂವ ಬಂದು ಖಾಲಿ ಬುಟ್ಟಿ ನೋಡ್ತಾನ."

ಅವಳು ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಚೂಡಿದಾರದ ತುಂಬ ಹಿಟ್ಟಾಯಿತು.

ತುಸು ಹೊತ್ತಿಗೆ ಬೇಕಾಗುವ ಸಣ್ಣಪುಟ್ಟ ಸಾಮಾನಿಗೆ ಬೇರೆಯೇ ಜಾಗ. ಅಲ್ಲಿ ಒಂದರ ಮೇಲೊಂದು ಒಟ್ಟುತ್ತ ಹೋಗುವುದು, ಕಡೆಗೆ ಇಟ್ಟದ್ದನ್ನು ಮೊದಲು ತೆಗೆಯುವುದು. ಇದನ್ನು ಅವಳು ಹೇಳಿ ಮುಗಿಸುವಷ್ಟರಲ್ಲಿ ನಾನು ಕೈಯಲ್ಲಿದ್ದ ಬಿಸಿರೊಟ್ಟಿಯನ್ನು ಒಟ್ಟಿದ ರೊಟ್ಟಿಗಳ ಮೇಲಿಟ್ಟು ಅವಳ ಮುಖ ನೋಡಿದೆ. ಇಬ್ಬರೂ ನಕ್ಕೆವು.

ಕಡೆಯ ಪಾಠ ಜಾಗ ತೆರವು ಮಾಡುವುದರದ್ದು. ಬಯಲು ತುಂಬಿಬಿಟ್ಟರೆ ಹೊಸದಕ್ಕೆ ಎಡೆ ಎಲ್ಲಿ? ಅದಕ್ಕೆ ಒಬ್ಬ ಕಸಗುಡಿಸುವವ ಇರುತ್ತಾನಂತೆ. ಅವನು ಮೊದಲು ಕೆಲಸದಲ್ಲಿರುವವರ ಕೈ ನೋಡುತ್ತಾನೆ. ಅವರ ಚೀಟಿ ಹಿಡಿದು ಗಂಟಿನ ತನಕ ಹೋಗುತ್ತಾನೆ, ಆ ಗಂಟಿನೊಳಗೆ ಇನ್ನೊಂದು ಚೀಟಿ ಇದ್ದರೆ ಅದನ್ನು ಹಿಡಿದು ಮುಂದೆ. ಯಾವ ಗಂಟಿಗೆ ಯಾರ ಚೀಟಿಯಿಂದಲೂ ದಾರಿ ಸಿಗುವುದಿಲ್ಲವೋ ಅದನ್ನಷ್ಟೇ ಗುಡಿಸುತ್ತಾನೆ.

"ಒಬ್ಬಾಕಿ ಮುದುಕಿ ಮೂಲ್ಯಾಗ ಕುಂತು ಚೀಟಿ ಮುಟಗ್ಯಾಗ ಹಿಡಕೊಂಡಿದ್ಲಂದ್ರ?"

"ಆಕಿ ಕೆಲಸದಾಗ ಇರೋತನಕ ಆ ಜಾಗ ಯಾರೂ ಮುಟ್ಟಂಗಿಲ್ಲ ಆಯಿ. ಅದ ನೇಮ." ಹೀಗೆಂದು ಅವಳು ಒಲೆಯ ಕಡೆ ನೋಡಿದಳು, ನನ್ನ ಕಡೆ ಅಲ್ಲ. "ಹಳೇ ಪದ್ಧತ್ಯಾಗ ಕಸಗುಡಿಸಾಂವ ಇರಂಗಿಲ್ಲ. ಪ್ರೋಗ್ರಾಮ್ ಬರಿಯಾವ್ರ ಕೈಲೆ ಖಾಲಿ ಮಾಡಬೇಕು. ಅವ್ರು ಅವಸರ ಮಾಡಿ ಖಾಲಿ ಮಾಡಿದ್ರಂದ್ರ, ಚೀಟಿ ಹಿಡಕೊಂಡ ಬಂದಾಕಿಗೆ ಅಲ್ಲಿ ಬ್ಯಾರೆಯವ್ರ ಸಾಮಾನು ಕಾಣ್ತೈತಿ. ಅದು ಭಾಳ ಕೆಟ್ಟ ತಪ್ಪು."

ಆ ವಾರವೇ ಮಗ, "ಯವ್ವಾ, ನಿನ್ನ ಮೊಣಕಾಲು ಭಾಳ ನೋಯಾಕತ್ತಾವ. ಗಬ್ಬೂರಕ್ಕ ಹೋಗಿ ಅಕ್ಕನ ಮನ್ಯಾಗ ನಾಕ ದಿನ ಆರಾಮ ಇದ್ದು ಬಾ" ಎಂದ. ಬ್ಯಾಗಿಗೆ ನನ್ನ ಸೀರೆ ಮಡಚಿ ಇಟ್ಟವಳು ಮೊಮ್ಮಗಳೇ. ಎಷ್ಟು ಕಾಳಜಿ ಇವರಿಗೆ ಎಂದು ನನ್ನ ಕಣ್ಣು ತುಂಬಿತ್ತು.

ಗಬ್ಬೂರದಿಂದ ತಿರುಗಿ ಹೊರಡುವಾಗ ಮಗಳು ಹೊಸ ಜೋಳ ಬೀಸಿಸಿ ಹಿಟ್ಟು ಕಟ್ಟಿ ಕೊಟ್ಟಳು. ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಆ ಹಿಟ್ಟಿನ ಚೀಲ ಹೊತ್ತು ನೆಟ್ಟಗೆ ನನ್ನ ಮೂಲೆಗೆ ನಡೆದೆ. ಒಲೆ ಇರಲಿಲ್ಲ. ಹೊಗೆ ಕೂತ ಗೋಡೆಗೆ ಬಿಳಿ ಬಣ್ಣ, ನೆಲಕ್ಕೆ ನುಣ್ಣನೆಯ ಟೈಲ್ಸು, ನಾನು ಕೂರುತ್ತಿದ್ದಲ್ಲಿ ಟೇಬಲ್ಲು, ಅದರ ಮೇಲೆ ಕಂಪ್ಯೂಟರು. ಚೀಲ ಎಲ್ಲಿ ಇಳಿಸಬೇಕೋ ತಿಳಿಯದೆ ಹಾಗೇ ನಿಂತುಬಿಟ್ಟೆ.

"ಹೊಗಿಗೆ ಕಂಪ್ಯೂಟರ್ ಕೆಡ್ತೈತಿ ಯವ್ವಾ," ಮಗ ಹಿಂದಿನಿಂದ ಹೇಳಿದ. "ಮನ್ಯಾಗ ಬೆಳಕಿರೂ ಜಾಗ ಅದ ಒಂದ. ನಿನ್ನ ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ. ಅದಕ್ಕ ಕೇಳಬೇಕಿತ್ತು."

"ಗ್ಯಾಸಿನ ಮ್ಯಾಲೆ ಮಾಡ್ರಿ ಅತ್ತೀ," ಎಂದಳು ಸೊಸೆ, ಮೆತ್ತಗೆ.

"ನನ್ನ ಹಂಚು?"

ಎದುರು ಮನೆಯವಳಿಗೆ ಕೊಟ್ಟಿದ್ದರು. ಅವಳೂ ಗಂಡ ಹೋದ ಮೇಲೆ ರೊಟ್ಟಿ ಬಡಿದೇ ಮಕ್ಕಳನ್ನು ಸಾಕುತ್ತಿರುವವಳು.

ಮೊಮ್ಮಗಳು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನಾನು ಅವಳೊಬ್ಬಳನ್ನೇ ಕೇಳಿದೆ.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು ಆಯಿ."

"ಚೀಟಿ ಹಿಡದ ಮುದುಕಿ ಮಾತು ಹೇಳುವಾಗೂ?"

"ಆಗೂ ಗೊತ್ತಿತ್ತು."

ಮಗ ಮಾಡಿದ್ದನ್ನು ನುಂಗಬಹುದಿತ್ತು. ಗಂಡಸರಿಗೆ ಟೈಲ್ಸು ಕಂಡರೆ ಮನೆ ಸುಧಾರಿಸಿದ ಹಾಗೆ. ಆದರೆ ಇವಳು ನನ್ನ ಒಲೆಯ ಶಾಖದಲ್ಲಿ ಕೂತು, ನಾನು ಕೊಟ್ಟ ರೊಟ್ಟಿ ತಿನ್ನುತ್ತ, ಹಿಡಿದವರ ಜಾಗ ಯಾರೂ ಮುಟ್ಟುವುದಿಲ್ಲ ಎಂದು ನನಗೆ ನೇಮ ಕಲಿಸಿದವಳು. ಆ ಕಸಗುಡಿಸುವವನಾದರೂ ಕೈ ನೋಡಿ ಗುಡಿಸುತ್ತಾನೆ. ನನ್ನ ಕೂಸು ನನ್ನ ಕೈ ನೋಡಲಿಲ್ಲ.

"ಇನ್ನ ಈ ಮನ್ಯಾಗ ನಾ ರೊಟ್ಟಿ ಬಡಿಯಂಗಿಲ್ಲ" ಎಂದೆ. ಬಡಿಯಲೂ ಇಲ್ಲ. ಮನೆಯವರು ಚಪಾತಿ ತಿಂದರು, ಖಾನಾವಳಿಯಿಂದ ರೊಟ್ಟಿ ತರಿಸಿದರು. ಮೊದಲು ನಮ್ಮ ಮನೆಯಿಂದ ಅಲ್ಲಿಗೆ ಹೋಗುತ್ತಿತ್ತು!

ಒಂದು ಸಲ ಹಂಚು ಕೇಳಿಯೇ ಬಿಡೋಣ ಎಂದು ಎದುರು ಮನೆಗೆ ಹೋದೆ. ಅವಳ ಒಲೆಯ ಮೇಲೆ ಅದು ಕೆಂಪಗೆ ಕಾದಿತ್ತು. ನನ್ನನ್ನು ನೋಡಿದ್ದೇ ಅವಳ ಬಡಿಯುವ ಕೈ ನಿಂತಿತು. "ಒಯ್ಯಾಕ ಬಂದೀರೇನ್ರಿ ಅಕ್ಕಾರ?" ಮೊದಲು ಅವಳಿಗಿದ್ದದ್ದು ತೆಳುವಾದ ಹಂಚು, ರೊಟ್ಟಿ ಸೀದುಹೋಗುತ್ತಿದ್ದವು ಎಂದು ನನಗೆ ಗೊತ್ತು. "ಇಲ್ಲವಾ, ಸುಮ್ಮ ಬಂದೆ" ಎಂದು ಹೊರಳಿ ಬಂದೆ.

ಮೊಮ್ಮಗಳು ಹೊಸ ಟೇಬಲ್ಲಿಗೆ ಕೂತು ನನಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದಳು. ನಾನು ಓ ಅನ್ನುತ್ತಿರಲಿಲ್ಲ. ಒಂದು ದಿನ, "ಚೀಟಿ ಎರಡಾದ್ರ ಗಂಟೂ ಎರಡಾಗ್ತಾವ" ಎಂದು ಓದಿದಳು.

"ಗಂಟು ಒಂದ!" ಒದರಿಯೇಬಿಟ್ಟೆ ನಾನು. ಆ ಕಡೆಯಿಂದ ಕಿಸಕ್ಕನೆ ನಗು ಬಂತು. ಬೇಕೆಂದೇ ತಪ್ಪು ಓದಿದ್ದಳು, ಖೋಡಿ. ನನಗೂ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ.

ಇವತ್ತು ನಾನು ಓಣಿಗೆಲ್ಲ ಸುದ್ದಿ ಹೇಳಿ ಬಂದ ಮೇಲೆ ಅವಳು ನನ್ನ ಕಾಲಿಗೆ ಬಿದ್ದು ಏಳಲೇ ಇಲ್ಲ. "ಜಾಗ ಖಾಲಿ ಮಾಡೂದರ ಪ್ರಶ್ನಿ ಬಂದಿತ್ತು ಆಯಿ. ನೀ ಮುದುಕಿ ಮಾತು ಕೇಳಿದ್ದ ಮನಸಿನ್ಯಾಗ ಇಟಗೊಂಡು ಬರದೆ. ಆ ಜಾಗ ಬೇಕಂದಾಕಿ ನಾನ ಆಯಿ, ಪಪ್ಪಾ ಅಲ್ಲ. ನೀ ಬ್ಯಾಡ ಅಂತೀ ಅಂತ ಅಂಜಿದ್ನಿ. ಟೇಬಲ್ ತಗದಬಿಡ್ತೀನಿ."

"ಟೇಬಲ್ ತಗದ್ರ ಒಡದ ಒಲಿ ಎದ್ದು ಬರ್ತೈತೇನು? ಇರಲಿ ಬಿಡು, ಓದು."

"ಇವತ್ತೊಂದಿನರ ನಿನ್ನ ರೊಟ್ಟಿ…"

"ಈ ಮನ್ಯಾಗ ಬಡಿಯಂಗಿಲ್ಲ ಅಂದೇನಿ." ಪಾಸಾದ ಮುಖ ಅಷ್ಟಕ್ಕೇ ಬಾಡಿತು. ಆದರೂ ಆಡಿದ ಮಾತು ಆಡಿದ್ದೇ.

ಸಂಜೆ ಸೊಸೆಯ ಹತ್ತಿರ ಹಿಟ್ಟು ಇಸಿದುಕೊಂಡು ಎದುರು ಮನೆಗೆ ಹೋದೆ. "ತಾಸೊತ್ತು ನಿನ್ನ ಒಲಿ ಮುಂದ ಕೂಡಲೇನವಾ?" ಎಂದು ಕೇಳಿದೆ. ಅವಳು ಎದ್ದು ತನ್ನ ಮಣೆಯನ್ನೇ ಸರಿಸಿ ಕೊಟ್ಟಳು. ನನ್ನ ಆ ಹಂಚಿನ ಒಂದು ಅಂಚು ಮೊದಲಿನಿಂದಲೂ ತುಸು ಉಬ್ಬಿದೆ. ಅಲ್ಲಿ ತಾಗಿದ ರೊಟ್ಟಿಗೆ ಕೆಂಪು ಬೊಟ್ಟು ಬೀಳುತ್ತದೆ. ಕೈ ಏನೂ ಮರೆತಿರಲಿಲ್ಲ.

ರಾತ್ರಿಯೂಟಕ್ಕೆ ಎಲ್ಲರೂ ಆ ಹೊಸ ಟೈಲ್ಸಿನ ಮೇಲೆಯೇ ಸಾಲಾಗಿ ಕೂತೆವು. ಗಬ್ಬೂರದಿಂದ ಮಗಳು ಅಳಿಯ ಬಂದಿದ್ದರು. ಸೊಸೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸಿದಳು. ನಾನು ಬಟ್ಟೆಯ ಗಂಟು ಬಿಚ್ಚಿದೆ. ಮಗ ಒಂದು ತುತ್ತು ಮುರಿದವನು ಕೆಂಪು ಬೊಟ್ಟು ನೋಡಿ ತಡೆದ.

"ಯವ್ವಾ, ಇದು ನಮ್ಮ ಹಂಚಿನ ರೊಟ್ಟಿ!"

"ಹಂಚು ಈಗ ಅವ್ರದು. ಎಲ್ಲೈತಿ ಅಂತ ನನಗ ಗೊತ್ತಿತ್ತು. ಕೇಳಿ ಕುಂತೆ."

ಮೊಮ್ಮಗಳು ತಗ್ಗಿಸಿದ ತಲೆ ಎತ್ತದೆ ಉಂಡಳು. ಉಂಡು ಮುಗಿಸಿ ತಟ್ಟೆಯನ್ನು ನನ್ನ ಕಡೆ ಚಾಚಿದಳು. ಒಟ್ಟಿದ ರೊಟ್ಟಿಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು, ಕಡೆಗೆ ಬೇಯಿಸಿದ್ದನ್ನು, ಇನ್ನೂ ಬಿಸಿ ಆರದಿದ್ದುದನ್ನು ಅವಳಿಗೆ ಹಾಕಿದೆ.