ಹಲಸಿನ ಯಂತ್ರದ ಮೇಡಂ

ತಂತ್ರಜ್ಞಾನ ವರ್ಗಾವಣೆ ವಿಭಾಗವೆಂದರೆ ಯಂತ್ರಗಳನ್ನು ಟೆಂಪೋಗೆ ಏರಿಸುವ ಜಾಗವೆಂದೇ ಬಸವಕಿರಣ ತಿಳಿದಿದ್ದ. ಕೆಲಸಕ್ಕೆ ಸೇರಿದ ದಿನ ಹಳೇ ಪ್ಯಾಂಟು ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಹೆಬ್ಬಾಳದ ಕಡೆಯ ಒಂದು ಸಂಶೋಧನಾ ಸಂಸ್ಥೆಗೆ ಹೋದ. ಎಂಸಿಎ ಓದಿದವನ ಬುದ್ಧಿ ಅದು.

ವಿಭಾಗದ ಶಶಿರೇಖಾ ಮೇಡಂ ಟವೆಲ್ ನೋಡಿ, "ಭಾರ ಹೊರೋದೇನಿಲ್ಲಪ್ಪ. ಇಲ್ಲಿಂದ ಯಾವ ಯಂತ್ರಾನೂ ಆಚೆ ಹೋಗಲ್ಲ," ಎಂದರು.

ಅಲ್ಲಾಳಸಂದ್ರದ ಹಳೇ ಮನೆತನದ ಹೆಂಗಸು. ವಿಜ್ಞಾನಿಗಳು ಕಂಡುಹಿಡಿದದ್ದನ್ನು ಸಣ್ಣ ಕಾರ್ಖಾನೆಯವರಿಗೆ ದಾಟಿಸುವುದು ಅವರ ಕೆಲಸ. ಮದುವೆ ದಲ್ಲಾಳಿಯ ಹಾಗೆ ಎರಡೂ ಕಡೆ ತಿರುಗಿ ಚಪ್ಪಲಿ ಸವೆಸಿದ್ದರು. ವಿಜ್ಞಾನಿ 'ತೇವಾಂಶ ನಿಯಂತ್ರಣ' ಎಂದು ಬರೆದದ್ದನ್ನೇ ಅಂಗಡಿಯವನು 'ಚಿಪ್ಸ್ ಮೆತ್ತಗಾಗ್ದಂಗೆ ಏನಾದ್ರೂ ಕೊಡಿ' ಎಂದು ಕೇಳುತ್ತಿದ್ದ. ನಡುವೆ ಮೇಡಂ ಗಂಟಲು ಒಣಗುತ್ತಿತ್ತು.

ಈಗ ಆ ದಲ್ಲಾಳಿತನವನ್ನು ಕಂಪ್ಯೂಟರಿಗೆ ಕಲಿಸಬೇಕಿತ್ತು. ಯಾವ ಯಂತ್ರ, ಯಾವ ತೊಂದರೆಗೆ, ಯಾರಿಗೆ ಬೇಕು ಎಂದು ಗೆರೆ ಎಳೆದು ಕೂಡಿಸುವ ಜ್ಞಾನದ ನಕ್ಷೆ. ಸಂಸ್ಥೆಯ ಸಾಹೇಬರ ಬಾಯಲ್ಲಿ ಆಂಟಾಲಜಿ. ಮೇಡಂ ಹೇಳುವುದು, ಬಸವಕಿರಣ ಗೆರೆ ಎಳೆಯುವುದು, ಇಬ್ಬರೂ ಆಕಳಿಸುವುದು.

"ಹಲಸಿನ ತೊಳೆ ಬಿಡಿಸೋ ಯಂತ್ರ ಎಲ್ಲಿ ಕೈಕೊಡುತ್ತೆ ಅಂತಾನೂ ಒಂದು ಗೆರೆ ಎಳಿ. ಅಂಟು ಕೂತ್ರೆ ಬ್ಲೇಡ್ ತಿರುಗಲ್ಲ."

"ಅದಕ್ಕ ಜಾಗಾನ ಇಟ್ಟಿಲ್ರೀ ಮೇಡಂ. ಸಾಹೇಬ್ರು ಬ್ಯಾಡ ಅಂದಾರ. ಹುಳುಕು ತೋರ್ಸಿದ್ರ ಯಾರ್ ಬರ್ತಾರ ಅಂತಾರ."

"ಸರಿ ಬಿಡು. ಬಂದೋರು ಆಮೇಲೆ ಬೈಯೋದು ನಂಗೇ ತಾನೆ."

ಮಾರ್ಚ್ ಮುಗಿಯುವುದರೊಳಗೆ ಒಂದಾದರೂ ಒಪ್ಪಂದ ಆಗದಿದ್ದರೆ ವಿಭಾಗಕ್ಕೆ ಬೀಗ. ಗುತ್ತಿಗೆಯ ಮೇಲಿದ್ದ ಇಬ್ಬರೂ ಮನೆಗೆ. ಕೊನೆಯ ವಾರ, ನಕ್ಷೆಯೇ ಹುಡುಕಿಕೊಟ್ಟ ಮೊದಲ ಗಿರಾಕಿ ಬಂದ. ಚಿಕ್ಕಬಾಣಾವರದಲ್ಲಿ ಹಲಸಿನ ಚಿಪ್ಸ್ ಮಾಡುವ ತಾಜುದ್ದೀನ್. ಪರದೆಯ ಮೇಲಿನ ಗೆರೆಗಳು ನೇರ ಅವನ ಅಂಗಡಿಯನ್ನೇ ಮುಟ್ಟಿದ್ದವು. ಬಸವಕಿರಣ ತನ್ನ ಬೆನ್ನು ತಾನೇ ತಟ್ಟಿಕೊಂಡು ಮೂರು ಟೀ ಹೇಳಿದ.

ತೊಳೆ ಬಿಡಿಸುವ ಯಂತ್ರದ ಒಪ್ಪಂದಕ್ಕೆ ಸಹಿ ಹಾಕಲು ತಾಜುದ್ದೀನ್ ಪೆನ್ನು ತೆಗೆದ. ಯಾಕೋ ಮತ್ತೆ ಮೇಡಂ ಮುಖ ನೋಡಿದ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ದೇ ದುಡ್ಡಾಗಿದ್ರೆ ಇದನ್ನ ತಗೋತಿದ್ರಾ?"

ಮೇಜಿನ ಕೆಳಗೆ ಮೇಡಂ ಕಾಲು ತುಳಿಯಬೇಕೆಂದು ಬಸವಕಿರಣನಿಗೆ ಅನಿಸಿತು, ಧೈರ್ಯ ಬರಲಿಲ್ಲ. ಮನೆ ಬಾಡಿಗೆ ನೆನಪಾಗಿ ಟೀ ಕಹಿಯಾಯಿತು.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಲ್ಲ ಕಣ್ರೀ. ಕೈಗೆ ಎಣ್ಣೆ ಸವರ್ಕೊಂಡು ನೀವೇ ಬಿಡಿಸ್ಕೊಳ್ಳಿ, ಬೇಗ ಆಗುತ್ತೆ."