ಮನೆಯಲ್ಲಿ ರುಬ್ಬಿದ ಚಟ್ನಿ

ಗುರುವಾರ ಮಧ್ಯಾಹ್ನದ ಮಾರಾಟ ಮುಗಿಸಿ ಕಮಿಸರಿಯ ಗೇಟಿನೊಳಗೆ ಟ್ರಕ್ ತಿರುಗಿಸಿದಾಗ ಹೆಲ್ತ್ ಇನ್ಸ್‌ಪೆಕ್ಟರ್ ನಲ್ಲಿಯ ಪಕ್ಕ ನಿಂತು ಕಾಯುತ್ತಿದ್ದರು. ಅವರು ಆಗಾಗ ಬರುತ್ತಿದ್ದವರೇ. ಆದರೆ ಅವತ್ತು ನಮಗಿಂತ ಮೊದಲೇ ಬಂದಿದ್ದ ಟಾಕೋ ಟ್ರಕ್ಕಿನ ಯಜಮಾನ ತನ್ನ ಗಾಡಿಯ ಮೆಟ್ಟಿಲ ಮೇಲೆ ಕೈಕಟ್ಟಿ ಕುಳಿತಿದ್ದ. ದಿನವೂ ಆ ಹೊತ್ತಿಗೆ ಜೋರಾಗಿ ರೇಡಿಯೋ ಹಾಕಿಕೊಂಡು ಕಾವಲಿ ಉಜ್ಜುವ ಮನುಷ್ಯ ಅವನು. ರೇಡಿಯೋ ಬಂದ್ ಆಗಿತ್ತು.

"ಅಕ್ಕಾರ, ಏನೋ ಆಗೇತಿ," ಎಂದಳು ಪಕ್ಕದ ಸೀಟಿನಲ್ಲಿದ್ದ ನನ್ನ ಗೆಳತಿ.

ಅವಳು ಹುಬ್ಬಳ್ಳಿಯವಳು, ನಾನು ಮೈಸೂರಿನವಳು. ಡಲ್ಲಾಸ್‌ನ ಟೆಲಿಕಾಂ ಕಂಪನಿಗಳು ಒಂದರ ಹಿಂದೊಂದು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ, ಎರಡು ಸಾವಿರದ ಇಸವಿಯ ಆಚೀಚೆ. ಅವಳ ಗಂಡನ ಕೆಲಸ ಹೋಗಿತ್ತು. ನಾನು ಡಲ್ಲಾಸ್ ಹತ್ತಿರದ ಮೆಕಿನ್ನಿಯ ಶಾಲೆಯೊಂದರ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದು, ಫುಡ್ ಮ್ಯಾನೇಜರ್ ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ಹಾಗಾಗಿ ಪರ್ಮಿಟ್ ನನ್ನ ಹೆಸರಲ್ಲಿ, ಕೈರುಚಿ ಅವಳದು. ಹಳೆಯ ಲಂಚ್ ಟ್ರಕ್ಕೊಂದನ್ನು ಕೊಂಡು, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಎಲ್‌ಬಿಜೆ ಫ್ರೀವೇ ಪಕ್ಕದ ಆಫೀಸುಗಳ ಮುಂದೆ ದೋಸೆ ಹಾಕಿ ಮಾರುತ್ತಿದ್ದೆವು.

ಟ್ರಕ್ಕಿನಲ್ಲಿ ಮಾರುವವರು ಮನೆಯಲ್ಲಿ ಏನನ್ನೂ ತಯಾರಿಸುವಂತಿರಲಿಲ್ಲ. ಹೆಚ್ಚುವುದು, ರುಬ್ಬುವುದು, ಬೇಯಿಸಿಡುವುದು ಎಲ್ಲವೂ ಲೈಸೆನ್ಸ್ ಇರುವ ಅಡುಗೆಮನೆಯಲ್ಲೇ ಆಗಬೇಕು. ದಿನದ ಕೊನೆಗೆ ಗಾಡಿ ಅಲ್ಲಿಗೇ ಮರಳಬೇಕು. ಕೊಳೆನೀರು ಅಲ್ಲೇ ಹರಿಸಬೇಕು, ಮರುದಿನದ ನೀರು ಅಲ್ಲೇ ತುಂಬಬೇಕು. ಅದೇ ಕಮಿಸರಿ. ಅದು ಕೈತಪ್ಪಿದರೆ ಪರ್ಮಿಟ್ಟೂ ಹೋಯಿತು. ನಮ್ಮದು, ಮುಚ್ಚಿಹೋಗಿದ್ದ ಒಂದು ಕೆಫೆಟೀರಿಯಾದ ಹಿಂಭಾಗ. ಮೆಕ್ಸಿಕೋ ಮೂಲದ ವಯಸ್ಸಾದ ಹೆಂಗಸೊಬ್ಬರು ಅದನ್ನು ನಡೆಸುತ್ತಿದ್ದರು. ನಾವು, ಟಾಕೋದವನು ಮತ್ತು ಸ್ಯಾಂಡ್‌ವಿಚ್ ಮಾರುವ ದಂಪತಿ ಅದನ್ನು ಹಂಚಿಕೊಂಡಿದ್ದೆವು.

ಇನ್ಸ್‌ಪೆಕ್ಟರ್ ಎತ್ತರದ ಹೆಂಗಸು. ಥರ್ಮಾಮೀಟರನ್ನು ಪೆನ್ನಿನ ಹಾಗೆ ಜೇಬಿಗೆ ಸಿಕ್ಕಿಸಿಕೊಂಡಿರುತ್ತಿದ್ದರು. ನಾವು ಇಳಿಯುತ್ತಿದ್ದಂತೆ ವಿಷಯ ಹೇಳಿದರು. ನಾವೆಲ್ಲ ಗಾಡಿ ನಿಲ್ಲಿಸುವ ಕಡೆಯ ಒಂದು ಆಫೀಸಿನಲ್ಲಿ ನಿನ್ನೆಯಿಂದ ತುಂಬ ಜನ ವಾಂತಿಯಾಗಿ ಮಲಗಿದ್ದಾರೆ. ಒಬ್ಬರು ಆಸ್ಪತ್ರೆಯಲ್ಲಿದ್ದಾರೆ. ಈ ಕಮಿಸರಿಯಿಂದ ಹೊರಡುವ ಮೂರೂ ಗಾಡಿಗಳಿಂದ ಅವರು ಊಟ ಕೊಂಡಿದ್ದಾರೆ. ಕಾರಣ ತಿಳಿಯುವವರೆಗೆ ಯಾರೂ ಹೊರಡುವ ಹಾಗಿಲ್ಲ.

ಕೋಲ್ಡ್ ರೂಮಿನ ಬಾಗಿಲು ತೆಗೆಸಿ ಒಂದೊಂದೇ ಪಾತ್ರೆಗೆ ಥರ್ಮಾಮೀಟರ್ ಅದ್ದಿದರು. ದೋಸೆಹಿಟ್ಟಿನ ಬಕೆಟ್ಟು ಮಾತ್ರ ಕೋಲ್ಡ್ ರೂಮಿನ ಹೊರಗಿತ್ತು. ಮುಚ್ಚಳವನ್ನು ಎತ್ತಿಕೊಂಡು ಉಬ್ಬಿದ್ದ ಹಿಟ್ಟನ್ನು ಅವರು ಬಹಳ ಹೊತ್ತು ನೋಡಿದರು.

"ಇದು ಎಷ್ಟು ಹೊತ್ತಿನಿಂದ ಹೊರಗಿದೆ?"

"ನಿನ್ನೆ ಸಂಜೆಯಿಂದ," ಎಂದೆ. "ಹುಳಿ ಬರಬೇಕು. ಫ್ರಿಜ್‌ನಲ್ಲಿಟ್ಟರೆ ಬರುವುದಿಲ್ಲ."

"ಅಕ್ಕಿ ಮತ್ತು ಬೇಳೆ. ನೀರಿನಲ್ಲಿ. ಇಡೀ ರಾತ್ರಿ ಹೊರಗೆ." ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ತಾನು ಕೇಳಿದ್ದು ಸರಿಯೇ ಎಂದು ಖಚಿತಪಡಿಸಿಕೊಳ್ಳುವಂತಿತ್ತು. ನಮ್ಮ ಅಜ್ಜಿ ಮುತ್ತಜ್ಜಿಯರು ಮಾಡಿಕೊಂಡು ಬಂದದ್ದು ಎಂಬ ಮಾತು ನಾಲಿಗೆಯವರೆಗೆ ಬಂದು ನಿಂತಿತು. ಆಸ್ಪತ್ರೆಯಲ್ಲಿ ಯಾರೋ ಮಲಗಿರುವಾಗ ಅದು ಉತ್ತರವಲ್ಲ.

ಅವರು ಬಕೆಟ್ಟಿಗೆ ಕೆಂಪು ಚೀಟಿ ಅಂಟಿಸಿ, ಒಂದು ಲೋಟದಷ್ಟು ಹಿಟ್ಟನ್ನು ಸ್ಯಾಂಪಲ್ ತೆಗೆದುಕೊಂಡರು. ಹೊರಡುವ ಮುಂಚೆ ನನ್ನತ್ತ ತಿರುಗಿ, "ಈ ವಾರ ನೀವು ಮಾರಿದ್ದೆಲ್ಲವೂ ಇಲ್ಲೇ ತಯಾರಾದದ್ದೇ?" ಎಂದು ಕೇಳಿದರು.

"ಹೌದು," ಎಂದೆ. ಹಾಗೆಂದೇ ನಾನು ನಂಬಿದ್ದೆ. ಬೆಳಗಿನ ರುಬ್ಬುವ ಕೆಲಸವೆಲ್ಲ ಗೆಳತಿಯದು. ನಾನು ಬರುವ ಹೊತ್ತಿಗೆ ಚಟ್ನಿಯ ಡಬ್ಬ ಐಸಿನಲ್ಲಿ ಕೂತಿರುತ್ತಿತ್ತು.

ಇನ್ಸ್‌ಪೆಕ್ಟರ್ ಕಾರು ಗೇಟು ದಾಟಿದ ಮೇಲೆ ಗೆಳತಿ ನನ್ನ ತೋಳು ಹಿಡಿದು ಟ್ರಕ್ಕಿನ ಹಿಂದಕ್ಕೆ ಕರೆದೊಯ್ದಳು.

"ಮಂಗಳವಾರ ಚಟ್ನಿ ಇಲ್ಲೆ ರುಬ್ಬಿಲ್ರಿ. ಮನ್ಯಾಗ ಮಾಡಿದ್ದೆ."

ನಾನು ಅವಳ ಕೈ ಬಿಡಿಸಿಕೊಂಡೆ.

"ನಮ್ಮ ಹುಡುಗಿಗೆ ಉಸಿರು ಕಟ್ಟಾಕಹತ್ತಿತ್ತು. ಬಿಟ್ಟು ಬರಾಕ ಮನಸ್ಸಾಗಲಿಲ್ಲ. ಆಕಿ ಪಕ್ಕದಾಗ ಕುಂತು, ನಡುನಡುವ ಎದ್ದು ಮಿಕ್ಸಿಗೆ ಹಾಕಿ, ಡಬ್ಬಿ ತುಂಬಿ ತಂದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ನೀವು ಚೆಲ್ಲಿಸ್ತಿದ್ರಿ."

ನಿಜ, ಚೆಲ್ಲಿಸುತ್ತಿದ್ದೆ. ಅವಳ ಮಗಳಿಗೆ ಅಸ್ತಮಾ ಇದ್ದದ್ದು ನನಗೆ ಗೊತ್ತಿತ್ತು. ಆದರೂ ಆ ಕ್ಷಣ ನನಗೆ ಕಂಡದ್ದು ಆ ಮಗುವಿನ ಮುಖವಲ್ಲ. ಎಲ್ಲರೆದುರು ನಾನು ಹೇಳಿದ 'ಹೌದು' ಸುಳ್ಳಾಗಿತ್ತು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ತೆಂಗಿನಕಾಯಿ ಚಟ್ನಿ ಎಷ್ಟು ಬೇಗ ಕೆಡುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. "ರಿಸಲ್ಟ್ ಬರೋವರ್ಗೂ ಸುಮ್ನಿರಿ ಇಬ್ರೂ," ಎಂದರು. "ಕ್ಲೀನ್ ಅಂತ ಬಂದ್ರೆ ಯಾರೂ ಕೇಳಲ್ಲ."

"ಬರದೇ ಇದ್ರೆ?"

ಗೆಳತಿಯ ಗಂಡನೂ ಸುಮ್ಮನಿರಲೇ ಹೇಳಿದ್ದನಂತೆ. ಆ ಮನೆಗೆ ಬೇರೆ ಆದಾಯವಿರಲಿಲ್ಲ; ಅವನ ಮಾತನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

ಶನಿವಾರ ಅವಳ ಅಪಾರ್ಟ್‌ಮೆಂಟಿಗೆ ಹೋದೆ. ಮಗಳು ಸೋಫಾದ ಮೇಲೆ ಕಾಲು ಮಡಚಿ ಕುಳಿತು ನೆಬ್ಯುಲೈಸರ್‌ನ ಔಷಧಿಯ ಹಬೆ ಎಳೆದುಕೊಳ್ಳುತ್ತಿದ್ದಳು. ಹೇಗಿದ್ದೀಯ ಎಂದರೆ, ಮಾಸ್ಕ್ ತೆಗೆದು, "ಐ ಆ್ಯಮ್ ಫೈನ್, ಆಂಟಿ," ಎಂದಳು. ಆಮೇಲೆ ಅಮ್ಮನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು: "ಡಿಡ್ ಸಮ್‌ಬಡಿ ಗೆಟ್ ಸಿಕ್ ಬಿಕಾಸ್ ಆಫ್ ಮೀ?"

ಗೆಳತಿ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದ ನೀರನ್ನು ಹಾಗೇ ಕುದಿಯಲು ಬಿಟ್ಟು ಗೋಡೆಯ ಕಡೆ ತಿರುಗಿ ನಿಂತಳು. ನಾನು "ಇಲ್ಲ ಪುಟ್ಟ" ಎಂದೆ. ಅದು ನಿಜವೇ ಎಂಬುದು ನನಗೇ ಗೊತ್ತಿರಲಿಲ್ಲ.

"ಸೋಮವಾರ ಹೇಳಿಬಿಡ್ತೀನ್ರಿ," ಎಂದಳು ಗೆಳತಿ, ನನ್ನನ್ನು ಬಾಗಿಲವರೆಗೆ ಬಿಡಲು ಬಂದಾಗ. "ನಿಮ್ಮ ಪರ್ಮಿಟ್ ಹೋಗತೈತಿ. ಬ್ಯಾಡ ಅಂದ್ರ ಈಗ ಅನ್ರಿ."

ಬೇಡ ಎನ್ನಲಿಲ್ಲ. ಹೇಳು ಎಂದೂ ಅನ್ನಲಿಲ್ಲ. ಭಾನುವಾರವಿಡೀ ಫೋನು ಬಡಿದಾಗಲೆಲ್ಲ ಆಸ್ಪತ್ರೆಯಲ್ಲಿದ್ದವರಿಗೆ ಏನೋ ಆಯಿತೆಂಬ ಸುದ್ದಿಯೇ ಬಂತೆಂದುಕೊಂಡು ಓಡಿಹೋಗಿ ಎತ್ತುತ್ತಿದ್ದೆ.

ಸೋಮವಾರ ಕಮಿಸರಿಯ ಸ್ಟೀಲ್ ಟೇಬಲ್ಲಿನ ಸುತ್ತ ಎಲ್ಲರೂ ನಿಂತಿದ್ದೆವು. ಬ್ಲೀಚ್ ವಾಸನೆ ಮೂಗಿಗೆ ಅಡರುತ್ತಿತ್ತು. ಲ್ಯಾಬಿನಿಂದ ಇನ್ನೂ ಏನೂ ಬಂದಿಲ್ಲ ಎಂದು ಇನ್ಸ್‌ಪೆಕ್ಟರ್ ಮಾತು ಶುರುಮಾಡುತ್ತಿದ್ದಂತೆ ಗೆಳತಿ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಇಂಗ್ಲಿಷ್ ತಡವರಿಸುತ್ತಿತ್ತು, ಆದರೆ ಮಾತು ನೇರವಾಗಿತ್ತು.

"ಮಂಗಳವಾರದ ಚಟ್ನಿ ನನ್ನ ಮನೆಯಲ್ಲಿ ಮಾಡಿದ್ದು. ಇವರಿಗೆ ಗೊತ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಅವಳನ್ನಲ್ಲ, ನನ್ನನ್ನು ನೋಡಿದರು. "ನಿಮಗೆ ಯಾವಾಗ ಗೊತ್ತಾಯಿತು?"

"ಗುರುವಾರ. ನೀವು ಹೋದ ಮೇಲೆ."

"ಗುರುವಾರವೇ ಫೋನ್ ಮಾಡಬಹುದಿತ್ತು."

ಟಾಕೋ ಟ್ರಕ್ಕಿನವನು ಮೊದಲು ತನ್ನ ಭಾಷೆಯಲ್ಲಿ ಏನೋ ಅಂದ. ಆಮೇಲೆ ನಮ್ಮಿಬ್ಬರತ್ತ ತಿರುಗಿ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, "ಗುರುವಾರ ಸಂಜೆ, ಇವರು ಹೇಳಿದರೆಂದು, ನಾನು ಬೇಯಿಸಿಟ್ಟ ಮಾಂಸಕ್ಕೆಲ್ಲ ನನ್ನ ಕೈಯಾರೆ ಬ್ಲೀಚ್ ಸುರಿದು ಎಸೆದಿದ್ದೇನೆ. ನೀವು ನೋಡುತ್ತಾ ನಿಂತಿದ್ದಿರಿ," ಎಂದ. ಸ್ಯಾಂಡ್‌ವಿಚ್ ದಂಪತಿ ನೆಲ ನೋಡುತ್ತಿದ್ದರು.

ಇನ್ಸ್‌ಪೆಕ್ಟರ್ ನಮ್ಮ ಪರ್ಮಿಟ್ ತಡೆಹಿಡಿದರು. ಕಮಿಸರಿಯ ಯಜಮಾನಿ ನಮ್ಮನ್ನು ಹೊರಗೆ ಕರೆದು, ಬಕೆಟ್ಟು, ಗ್ರೈಂಡರ್ ಎಲ್ಲವನ್ನೂ ಸಂಜೆಯೊಳಗೆ ತೆಗೆದುಕೊಂಡು ಹೋಗಿ ಎಂದರು. ಕೋಪದ ಮಾತಲ್ಲ. "ನನ್ನ ಲೈಸೆನ್ಸ್ ಹೋದರೆ ಮೂರು ಗಾಡಿಗಳೂ ಹೋಗುತ್ತವೆ," ಎಂದು ಮಾತ್ರ ಹೇಳಿ ಗೆಳತಿಯ ಭುಜ ಮುಟ್ಟಿ ಒಳಗೆ ನಡೆದರು. ಗ್ರೈಂಡರ್ ಎತ್ತಿ ಟ್ರಕ್ಕಿಗೆ ಹಾಕುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೆಲವು ದಿನಗಳ ಮೇಲೆ ಇನ್ಸ್‌ಪೆಕ್ಟರ್ ತಾವೇ ಫೋನ್ ಮಾಡಿದರು. ಕಾಯಿಲೆ ಊಟದಿಂದ ಬಂದದ್ದಲ್ಲ. ಆ ಆಫೀಸಿನೊಳಗೆ ಒಬ್ಬರಿಂದೊಬ್ಬರಿಗೆ ಹರಡಿದ ವೈರಸ್ ಅದು. ನಮ್ಮ ಗಾಡಿಗಳಲ್ಲಿ ಏನನ್ನೂ ತಿನ್ನದವರಿಗೂ ಬಂದಿತ್ತು. ಆಸ್ಪತ್ರೆ ಸೇರಿದ್ದವರು ಮನೆಗೆ ಮರಳಿದ್ದರು. ಗೆಳತಿಗೆ ಹೇಳಿದಾಗ ಅವಳು ಫೋನಿನಲ್ಲೇ ಅತ್ತಳು. ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆದರೆ ಮನೆಯ ಚಟ್ನಿ ಮಾರಿದ ತಪ್ಪು ಹಾಗೇ ಉಳಿಯಿತು. ಬೇರೆ ಕಮಿಸರಿ ತೋರಿಸಿದರಷ್ಟೇ ಪರ್ಮಿಟ್ ವಾಪಸು.

ಹುಡುಕಾಟ ಶುರುವಾಯಿತು. ಪ್ರಾಸ್ಪರ್ ಎಂಬ ಊರಿನ ಕಡೆ ಹೋದರೆ ಹೊಸ ಮನೆಗಳ ಸಾಲುಗಳೇ ಹೊರತು ಬಾಡಿಗೆಗೆ ಒಂದು ಅಡುಗೆಮನೆಯೂ ಇರಲಿಲ್ಲ. ರೆಸ್ಟೋರೆಂಟಿನವರು ನಮ್ಮ ಕಥೆ ಕೇಳಿ ಆಗದೆಂದು ತಲೆಯಾಡಿಸಿದರು. ಹಿಟ್ಟು ರಾತ್ರಿ ಹೊರಗಿರುತ್ತದೆ ಎಂದ ಕೂಡಲೇ ಉಳಿದವರೂ ಹಿಂದೆ ಸರಿದರು. ಮರೆಮಾಚಿ ಕೇಳೋಣ ಎಂದು ನಾನೊಮ್ಮೆ ಅಂದಾಗ ಗೆಳತಿ, "ಇನ್ನೊಮ್ಮೆ ಆ ಟೇಬಲ್ ಮುಂದ ನಿಲ್ಲಾಕ ನನ್ನಿಂದ ಆಗಂಗಿಲ್ರಿ," ಎಂದಳು. ಕೊನೆಗೆ ಫಾರ್ಮರ್ಸ್ ಬ್ರಾಂಚ್‌ನಲ್ಲೇ ಒಂದು ಪಾರ್ಟಿ ಹಾಲ್‌ನ ಮಾಲೀಕ ಎಲ್ಲವನ್ನೂ ಕೇಳಿಸಿಕೊಂಡು, ಪಾರ್ಟಿ ಇಲ್ಲದ ದಿನಗಳಿಗೆ ಅಡುಗೆಮನೆ ಕೊಡಲು ಒಪ್ಪಿದ.

ತಪಾಸಣೆಗೆ ಅದೇ ಇನ್ಸ್‌ಪೆಕ್ಟರ್ ಬಂದರು. ಹುಳಿಬಂದ ಹಿಟ್ಟಿನೊಳಗೆ ಒಂದು ಕಾಗದದ ಪಟ್ಟಿ ಅದ್ದಿ, ಅದರ ಬಣ್ಣ ತಿರುಗುವವರೆಗೆ ಕಾದರು. ಪಟ್ಟಿಯನ್ನು ಬೆಳಕಿಗೆ ಹಿಡಿದು, "ಹುಳಿ ಸಾಕಷ್ಟಿದೆ. ಇಷ್ಟು ಹುಳಿಯಲ್ಲಿ ನಾನು ಹೆದರುವಂಥದ್ದು ಬೆಳೆಯುವುದಿಲ್ಲ," ಎಂದರು. "ಉಬ್ಬಿದ ಕೂಡಲೇ ಕೋಲ್ಡ್ ರೂಮಿಗೆ. ಪ್ರತಿದಿನ ಪಟ್ಟಿ ಅದ್ದಿ ನೋಡಿ. ಚಟ್ನಿ ಇಲ್ಲೇ."

"ಇಲ್ಲೇ," ಎಂದಳು ಗೆಳತಿ.

ಮತ್ತೆ ಆಫೀಸುಗಳ ಮುಂದೆ ನಿಂತೆವು. ಮೊದಲ ವಾರಗಳಲ್ಲಿ ಜನ ದೂರದಿಂದ ನೋಡಿ ಹೋಗುತ್ತಿದ್ದರು. ಆಮೇಲೆ ನಿಧಾನಕ್ಕೆ ಬಂದರು. ಟಾಕೋದವನು ರಸ್ತೆಯ ಆ ಬದಿಯಲ್ಲಿ ನಿಲ್ಲುತ್ತಿದ್ದ. ನಾನು ಕೈಯೆತ್ತಿದರೆ ಅವನು ಮುಖ ತಿರುಗಿಸುತ್ತಿದ್ದ. ಅವನು ನಮ್ಮೊಡನೆ ಮತ್ತೆಂದೂ ಮಾತಾಡಲಿಲ್ಲ. ಅವನನ್ನು ದೂರುವ ಮನಸ್ಸು ನನಗೆ ಬಂದಿಲ್ಲ.

ಎರಡು ಬೇಸಿಗೆಗಳ ನಂತರ ಗೆಳತಿಯ ಗಂಡನಿಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿ ಅವರು ಶಿಫ್ಟ್ ಆದರು. ಅವಳಿಲ್ಲದೆ ದೋಸೆ ಹಾಕಲು ನನಗೆ ಮನಸ್ಸಾಗದೆ ಗಾಡಿ ಮಾರಿದೆ. ಅವಳು ಅಲ್ಲಿ ಒಂದು ಪುಟ್ಟ ಹೋಟೆಲು ತೆರೆದಳು, ಅಡುಗೆಮನೆ ಅಂಗಡಿಯೊಳಗೇ ಇರುವಂಥದ್ದು. ಮಗಳು ಓದಲು ಆಸ್ಟಿನ್‌ಗೆ ಹೋದ ವರ್ಷ ನನ್ನನ್ನು ಕರೆಸಿಕೊಂಡು ಬಡಿಸಿದಳು. ತಿಂದು ಕೈತೊಳೆಯುತ್ತಿದ್ದಾಗ ಟವೆಲ್ ಕೊಡಲು ಬಂದವಳು, "ಅಕ್ಕಾರ, ಆ ಸೋಮವಾರ ನಾ ಬಾಯಿ ಬಿಡದಿದ್ರ ನೀವು ಹೇಳ್ತಿದ್ರೇನ್ರಿ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದೆ.

ಅವಳು ಸರಿ ಎಂಬಂತೆ ತಲೆಯಾಡಿಸಿ, ಹೊರಗೆ ಗಿರಾಕಿ ಕರೆದನೆಂದು ಹೋದಳು.